ಹನ್ನೊಂದು ಕಜ್ಜಾಯ

ನಮ್ಮೂರಲ್ಲಿ ಇಂಟರ್‌ನೆಟ್ಟು ತಾನಾಗಿ ಗೋಡೆ ದಾಟುವುದಿಲ್ಲ. ಪಕ್ಕದ ಮನೆಗೆ ಹೋಗಬೇಕೆಂದರೆ ಅದು ಪಾತ್ರೆಯಲ್ಲೇ ಹೋಗಬೇಕು. ಲೈನು ಎಳೆಸಿಕೊಂಡ ಮನೆಯವರು ತಮ್ಮ ಹೆಸರು ಕೆತ್ತಿದ ಪಾತ್ರೆಯೊಂದನ್ನು ಕೈಯಾರೆ ತಂದುಕೊಟ್ಟರೆ, ಅದು ಇರುವಷ್ಟು ದಿನ ಗೋಡೆಯಾಚೆಯ ಮನೆಯಲ್ಲೂ ನೆಟ್ಟು ಬರುತ್ತದೆ. ಪಾತ್ರೆ ವಾಪಸು ಹೋಯಿತೋ, ನೆಟ್ಟೂ ಅದರ ಹಿಂದೆಯೇ ಹೋಯಿತು. ಖಾಲಿ ಪಾತ್ರೆಯಲ್ಲಿ ಅದು ನಿಲ್ಲುವುದಿಲ್ಲ. ಒಳಗೆ ತಿನ್ನುವಂಥದ್ದು ಏನಾದರೂ ಇರಬೇಕು, ಒಂದು ಹಿಡಿ ಹುರಿಗಡಲೆಯಾದರೂ ಸರಿ. ಚೊಂಬಾದರೆ ಒಂದು ಕೋಣೆಗೆ ಸಾಕು, ಡಬರಿಯಾದರೆ ನಡುಮನೆ ದಾಟಿ ಹಿತ್ತಲವರೆಗೂ ಸಿಗುತ್ತದೆ. ಆದರೆ ಗೋಡೆಗೆ ಗೋಡೆ ತಗುಲಿದ ಮನೆಯ ಪಾತ್ರೆಯೇ ಆಗಬೇಕು. ಆಚೆ ಬೀದಿಯ ನೆಂಟರ ಹಂಡೆಯನ್ನೇ ಹೊತ್ತು ತಂದಿಟ್ಟುಕೊಂಡರೂ ಅದರಲ್ಲಿ ನೀರು ಕಾಯಿಸಿಕೊಳ್ಳಬಹುದು, ಅಷ್ಟೆ.

ಲೈನು ಎಳೆಯಲು ಬಂದ ಕಂಪನಿಯವರು ಮೊದಮೊದಲು ತಲೆ ಕೆರೆದುಕೊಂಡರು. ಆಮೇಲೆ ಅವರೂ ಸ್ಕ್ರೂಡ್ರೈವರಿನ ಜೊತೆ ಒಂದು ಸ್ಟೀಲ್ ಚೊಂಬನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಬರತೊಡಗಿದರು. ಒಂದಷ್ಟು ಮನೆಗಳಿಗೆ ಲೈನು ಕೊಟ್ಟು, ಇನ್ನು ಮೇಲೆ ಹೊಸ ಲೈನಿಲ್ಲ, ಪಾತ್ರೆಯಲ್ಲೇ ಹಂಚಿಕೊಳ್ಳಿ ಎಂದು ಹೇಳಿ ಹೋದರು. ಹೀಗಾಗಿ ಬಾಡಿಗೆಗೆ ಮನೆ ನೋಡುವವರು ನಮ್ಮಲ್ಲಿ ನೀರು ಹೇಗೆ ಬರುತ್ತೆ ಎಂದು ಕೇಳುವ ಮೊದಲು ಪಕ್ಕದ ಮನೆಯವರ ಗುಣ ಹೇಗೆ ಎಂದು ಕೇಳುತ್ತಾರೆ. ಇಬ್ಬರು ಜಗಳವಾಡಿದರೆ "ನಮ್ ಪಾತ್ರೆ ಕೊಟ್ಬಿಡಿ" ಎನ್ನುವುದೇ ಕೊನೆಯ ಮಾತು. ಅದಾದ ಮೇಲೆ ಮಾತನಾಡಲು ಏನೂ ಉಳಿದಿರುವುದಿಲ್ಲ.

ಇದರಿಂದ ಊರಲ್ಲಿ ಯಾರಿಗಾದರೂ ಒಳ್ಳೆಯದಾಗಿದ್ದರೆ ಅದು ನನಗೆ. ಪೇಟೆಬೀದಿಯ ಮೂಲೆಯಲ್ಲಿರುವ ಪಾತ್ರೆ ಅಂಗಡಿಯ ಜಗಲಿಯ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಕೆತ್ತುವುದು ನನ್ನ ಕಸುಬು. ಈಗಿನವರ ಹಾಗೆ ಕರೆಂಟಿನ ಮೆಷಿನ್ನಿನಲ್ಲಿ ಕಿರ್ರೆಂದು ಗೀಚುವವನು ನಾನಲ್ಲ. ಉಳಿ ಇಟ್ಟು, ಸಣ್ಣ ಸುತ್ತಿಗೆಯಲ್ಲಿ ತಟ್ಟಿ, ಚುಕ್ಕೆಗೆ ಚುಕ್ಕೆ ಜೋಡಿಸಿ ಅಕ್ಷರ ಕೂರಿಸುತ್ತೇನೆ. ನನ್ನ ಹೆಸರು ಮೌನಾಚಾರಿ. ಹೆಸರಿಡುವಾಗ ನಮ್ಮಪ್ಪ ಏನು ಆಸೆ ಇಟ್ಟುಕೊಂಡಿದ್ದನೋ, ಅದು ಕೈಗೂಡಲಿಲ್ಲ. ಮಾತಾಡದೆ ಇದ್ದರೆ ನನಗೆ ಅನ್ನ ಅರಗುವುದಿಲ್ಲ. ಒಂದೇ ಒಂದು ವಿಷಯದಲ್ಲಿ ಮಾತ್ರ ಒಂಬತ್ತು ವರ್ಷ ಹೆಸರಿಗೆ ತಕ್ಕ ಹಾಗೆ ಇದ್ದೆ. ಅದನ್ನೇ ಈಗ ಹೇಳಲು ಹೊರಟಿರುವುದು.

ಅವತ್ತು ಸೋಮವಾರ. ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದ ಹಾಗೆಯೇ ಟೈಪಿಂಗ್ ಸ್ಕೂಲಿನ ವನಜಾಕ್ಷಮ್ಮ ಬಂದರು. ಸ್ಕೂಲೆಂದರೆ ಒಂದು ಕಾಲದಲ್ಲಿ ಅವರ ಮನೆಯ ನಡುಮನೆಯಲ್ಲಿ ಎಂಟು ಟೈಪ್‌ರೈಟರು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಗಂಡ ತೀರಿಕೊಂಡು ಹತ್ತು ವರ್ಷವಾಯಿತು. ಅದಾದ ಮೇಲೆ ಏಳು ಮೆಷಿನ್ನುಗಳು ಒಂದೊಂದಾಗಿ ಗುಜರಿಗೆ ಹೋದವು. ಉಳಿದದ್ದು ಒಂದು ಟೈಪ್‌ರೈಟರು, ಅದರ ಪಕ್ಕದಲ್ಲಿ ಹೋದ ವರ್ಷ ಕೊಂಡ ಹಳೆಯ ಕಂಪ್ಯೂಟರು. ಅವರ ಕೈಯಲ್ಲೊಂದು ಚೊಂಬಿತ್ತು.

"ಆಚಾರ್ರೇ, ಇದರ್ ಮೇಲೊಂದ್ ಹೆಸ್ರು ಹಾಕ್ಬೇಕು."

"ಹಾಕೋಣ ಕೊಡಿ. ಹೊಟ್ಟೆ ಮೇಲೆ ಹಾಕ್ಲೋ, ಕಂಠದ ಸುತ್ತ ಹಾಕ್ಲೋ? ನಿಮ್ ಹೆಸ್ರು ಕಂಠಕ್ಕೆ ಚೆನ್ನಾಗ್ ಕೂರತ್ತೆ."

"ನನ್ ಹೆಸ್ರಲ್ಲ." ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಸುಭದ್ರಮ್ಮ ಅಂತ ಹಾಕಿ."

ನನ್ನ ಸುತ್ತಿಗೆ ಕೈಯಲ್ಲೇ ಉಳಿಯಿತು. ಸುಭದ್ರಮ್ಮನವರು ವನಜಾಕ್ಷಮ್ಮನ ಪಕ್ಕದ ಮನೆಯವರು. ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರಾದವರು. ಊರಿನ ಅರ್ಧ ಜನ ಕಣ್ಣು ಬಿಟ್ಟಾಗ ಮೊದಲು ನೋಡಿದ ಮುಖ ಅವರದೇ. ಆ ಸಾಲಿನಲ್ಲಿ ಲೈನು ಇರುವುದು ಅವರ ಮನೆಗೆ. ವನಜಾಕ್ಷಮ್ಮನ ಮನೆಯ ಇನ್ನೊಂದು ಮಗ್ಗುಲಿಗೆ ಇರುವುದು ಊರ ಬಾವಿ. ಬಾವಿಯಿಂದ ನೆಟ್ಟು ಬರುವುದಿಲ್ಲ.

"ಇದೇನಮ್ಮ, ನೀವ್ ಇಂಥಾ ಕೆಲ್ಸಕ್ಕೆ ಇಳಿಯೋದಾ?" ಎಂದೆ. ಅವರ ಮುಖ ಕೆಂಪಾಯಿತು. ಒಂದು ಕಾಗುಣಿತ ತಪ್ಪಿದರೂ ಹಾಳೆಯನ್ನೇ ಹರಿದು ಹಾಕಿಸಿ ಮೊದಲಿನಿಂದ ಟೈಪ್ ಮಾಡಿಸುತ್ತಿದ್ದ ಹೆಂಗಸು ಅವರು.

"ಇನ್ನೇನ್ ಮಾಡ್ಲಿ ಹೇಳಿ. ಒಂದ್ ಸಂಸ್ಥೆಯೋರು ಹಳೇ ನಾಟಕದ ಕೈಬರಹದ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಹತ್ತಿಸ್ತಾ ಇದಾರೆ. ಮನೇಲೇ ಕೂತು ಟೈಪ್ ಮಾಡೋ ಕೆಲ್ಸ, ನಾಲ್ಕ್ ವರ್ಷಕ್ಕಾಗೋಷ್ಟಿದೆ. ಗುರುವಾರ ಹತ್ ಗಂಟೆಗೆ ಪರೀಕ್ಷೆ. ಅವರು ಅಲ್ಲಿಂದ ನೋಡ್ತಿರ್ತಾರೆ, ನಾನ್ ಇಲ್ಲಿ ಟೈಪ್ ಮಾಡ್ಬೇಕು. ನಮ್ಮನೆ ಕಂಪ್ಯೂಟರಲ್ಲೇ ಆಗ್ಬೇಕು, ಮನೇಲಿ ನೆಟ್ ಹೆಂಗ್ ಬರತ್ತೆ ಅಂತಾನೂ ನೋಡ್ತಾರಂತೆ. ತಾಲ್ಲೂಕು ಆಫೀಸಿನ ಅರ್ಜಿ ಟೈಪ್ ಮಾಡ್ಸೋರು ಈಗ ಯಾರೂ ಬರಲ್ಲ ಆಚಾರ್ರೇ. ಇದೂ ತಪ್ಪಿಹೋದ್ರೆ ಮನೆಗೆ ಬೀಗ ಹಾಕಿ ಅಣ್ಣನ ಮನೆ ಸೇರ್ಕೋಬೇಕು. ಅತ್ತಿಗೆ ಒಳ್ಳೇರೇ. ಆದ್ರೂ ಇನ್ನೊಬ್ರ ಮನೆ ಇನ್ನೊಬ್ರದ್ದೇ."

ಸುಳ್ಳು ಹೆಸರು ನಡೆಯುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಸೈಕಲ್ ಶಾಪಿನವನೊಬ್ಬ ಪಕ್ಕದವನ ಹೆಸರನ್ನು ಹನ್ನೆರಡು ಲೋಟಕ್ಕೆ ಹಾಕಿಸಿಕೊಂಡು ಹೋಗಿ ಸಾಲಾಗಿ ಜೋಡಿಸಿಟ್ಟಿದ್ದ. ನೆಟ್ಟೂ ಬರಲಿಲ್ಲ, ಗಿಟ್ಟೂ ಬರಲಿಲ್ಲ. ಪಕ್ಕದವನು ಬಂದು, ಹೆಸರು ತೋರಿಸಿ, ಹನ್ನೆರಡು ಲೋಟವನ್ನೂ ತನ್ನದೆಂದು ಎತ್ತಿಕೊಂಡು ಹೋದ. ಅದನ್ನೇ ನೆನಪಿಸಿ, "ಅವ್ರನ್ನೇ ಒಂದ್ ಮಾತು ಕೇಳ್ಬಾರ್ದಾ?" ಎಂದೆ. ಕೇಳಬಾರದಿತ್ತು. ಉತ್ತರ ನನಗೆ ಗೊತ್ತಿದ್ದದ್ದೇ.

"ಹೆಂಗ್ ಕೇಳ್ಲಿ? ಒಂಬತ್ ವರ್ಷದಿಂದ ನನ್ ಮುಖ ಕಂಡ್ರೆ ಬಾಗ್ಲು ಹಾಕ್ಕೋತಾರೆ. ನಮ್ಮೋರು ಹೋದಾಗ ಒಲೆ ಹಚ್ಚದ ದಿನಗಳಲ್ಲೆಲ್ಲ ಸುಭದ್ರಕ್ಕನ ಮನೆಯಿಂದ್ಲೇ ಊಟ ಬಂತು, ಅವರ ದೊಡ್ ಡಬರೀಲಿ. ಅದನ್ನ ಖಾಲಿ ಕೊಡೋಕೆ ಮನಸಾಗ್ದೆ ವರ್ಷ ಪೂರ್ತಿ ಇಟ್ಕೊಂಡಿದ್ದೆ. ವರ್ಷ ಕಳೆದ್ ಮೇಲೆ ಮೊದಲ್ನೇ ಸಲ ಬಾಣಲೆ ಇಟ್ಟಿದ್ದು ಅವರಿಗೋಸ್ಕರ. ಹನ್ನೊಂದ್ ಕಜ್ಜಾಯ ಮಾಡಿ ಕಳ್ಸಿದೆ. ನಿಮ್ ಕೈಲೇ ಅಲ್ವಾ ಕಳ್ಸಿದ್ದು? ಚೆನ್ನಾಗಿತ್ತು ಅಂತ ಒಂದ್ ಮಾತು ಬೇಡ, ಮಾರನೇ ದಿನದಿಂದ ಮಾತೇ ಬಿಟ್ರು. ಗಂಡ ಇಲ್ದೋಳು ಮಾಡಿದ್ ಸಿಹಿ ಅಂತ ಬೇಡವಾಯ್ತೋ ಏನೋ." ಅವರು ಸೆರಗಿನಲ್ಲಿ ಚೊಂಬು ಒರೆಸುತ್ತ ನಿಂತರು. ಚೊಂಬಿನ ಮೇಲೆ ಒರೆಸುವಂಥದ್ದೇನೂ ಇರಲಿಲ್ಲ.

ಈಗ ನಾನು ಮಾಡಿದ ಘನಕಾರ್ಯ ಹೇಳಿಬಿಡುತ್ತೇನೆ. ಆಗೆಲ್ಲ ನಾನು ಬೀದಿಬೀದಿ ತಿರುಗಿ ಹೆಸರು ಹಾಕುತ್ತಿದ್ದೆ. ಅವತ್ತು ವನಜಾಕ್ಷಮ್ಮ ಬಾಗಿಲಲ್ಲಿ ನಿಲ್ಲಿಸಿ ಡಬರಿ ಕೊಟ್ಟರು. ವರ್ಷವೆಲ್ಲ ಉಜ್ಜಿ ಉಜ್ಜಿ ಸುಭದ್ರಮ್ಮನ ಹೆಸರು ಮಾಸಿಹೋಗಿತ್ತು. ಹೊಸದಾಗಿ ಹಾಕಿ ಪಕ್ಕದ ಮನೆಗೆ ಕೊಟ್ಟುಬಿಡಿ, ಒಳಗೆ ಕಜ್ಜಾಯ ಇದೆ ಎಂದರು. ಅಷ್ಟರಲ್ಲಿ ಒಳಗೆ ಟೈಪಿಂಗ್ ಹುಡುಗಿಯರು ಕರೆದರು, ಅವರು ಹೋದರು. ಕೂಲಿಯ ಬದಲು ಜನ ತಿಂಡಿ ಕೊಡುತ್ತಿದ್ದ ಕಾಲ ಅದು. ಕಜ್ಜಾಯ ನನ್ನ ಕೂಲಿ ಎಂದುಕೊಂಡೆ. ಹೇಗಿದ್ದರೂ ಕೆತ್ತಬೇಕೆಂದರೆ ಡಬರಿ ಖಾಲಿ ಮಾಡಲೇಬೇಕಲ್ಲ! ಬಾವಿಕಟ್ಟೆಯ ಮೇಲೆ ಕೂತು ಒಂದು ತಿಂದೆ. ಬಹಳ ಚೆನ್ನಾಗಿತ್ತು. ಇನ್ನೊಂದು ತಿಂದೆ. ಹನ್ನೊಂದೂ ಮುಗಿದ ಮೇಲೆ ಎಣ್ಣೆ ಕೈಯಲ್ಲೇ ಉಳಿ ಹಿಡಿದೆ. ಅದು ಜಾರಿ ಸುಭದ್ರಮ್ಮನ 'ಭ' ಸೊಟ್ಟಗಾಯಿತು. ಹಾಗೆಯೇ ಕೊಂಡುಹೋಗಿ ಖಾಲಿ ಡಬರಿಯನ್ನು ಅವರ ಕೈಗೆ ಕೊಟ್ಟೆ. ಅವರು ಒಳಗೆ ಇಣುಕಿ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಾರನೆಯ ದಿನ ವನಜಾಕ್ಷಮ್ಮ ಕೂಲಿ ಹಿಡಿದುಕೊಂಡು ಬಂದು, "ಸುಭದ್ರಕ್ಕ ಕಜ್ಜಾಯ ನೋಡಿ ಏನಂದ್ರು?" ಎಂದು ಕೇಳಿದಾಗ ನನ್ನ ತಪ್ಪು ನನಗೆ ತಿಳಿಯಿತು. ನಾಚಿಕೆಗೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ತುಂಬಾ ಖುಷಿಪಟ್ರು" ಎಂದೆ. ಎರಡು ದಿನ ಬಿಟ್ಟು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವರಿಬ್ಬರೂ ಮಾತು ಬಿಟ್ಟಿದ್ದರು. ಆಮೇಲೆ ಹೇಳಲು ಧೈರ್ಯ ಸಾಲಲಿಲ್ಲ. ಆಗಿನ್ನೂ ಊರಿಗೆ ನೆಟ್ಟು ಬಂದಿರಲಿಲ್ಲ, ಮಾತು ಬಿಟ್ಟರೆ ಹೋಗುವುದು ಮಾತು ಮಾತ್ರ ಎಂದು ಸಮಾಧಾನ ಮಾಡಿಕೊಂಡೆ.

ಚೊಂಬನ್ನು ವನಜಾಕ್ಷಮ್ಮನ ಕೈಗೇ ವಾಪಸು ಕೊಟ್ಟು, "ಗುರುವಾರದೊಳಗೆ ಏನಾದ್ರೂ ಮಾಡೋಣ, ಹೋಗಿ" ಎಂದು ಕಳಿಸಿದೆ. ಸಂಜೆ ಸುಭದ್ರಮ್ಮನವರ ಮನೆಗೆ ಹೋದೆ. ನಿಜ ಹೇಳಿಬಿಡಬೇಕೆಂದೇ ಹೋದದ್ದು. ಆದರೆ ಅವರು ಕೊಟ್ಟ ಕಾಫಿ ಕುಡಿಯುತ್ತ ಕುಡಿಯುತ್ತ ಧೈರ್ಯವೆಲ್ಲ ಗಂಟಲಿನಲ್ಲೇ ಇಳಿದುಹೋಯಿತು. ಬೇರೆ ದಾರಿ ಹಿಡಿದೆ. "ಪಾಪ, ಪಕ್ಕದ್ಮನೆ ವನಜಾಕ್ಷಮ್ಮನಿಗೆ ಒಂದ್ ಕೆಲ್ಸ ಸಿಗೋ ಹಾಗಿದೆಯಂತೆ. ನಿಮ್ದೊಂದು ಚೊಂಬು ಕೊಟ್ರೆ..."

"ನನ್ ಪಾತ್ರೆ ಆ ಮನೆಗೆ ಹೋಗಲ್ಲ ಆಚಾರ್ರೇ," ಎಂದರು. ಸಿಟ್ಟಿನಿಂದಲ್ಲ, ಜ್ವರ ಎಷ್ಟಿದೆ ಎಂದು ಹೇಳುವ ಹಾಗೆ. "ವರ್ಷ ಪೂರ್ತಿ ಇಟ್ಕೊಂಡು ಖಾಲಿ ಡಬರಿ ಕಳ್ಸಿದ್ಳು. ಬಡತನಾನಾ? ಒಂದ್ ಚೂರು ಬೆಲ್ಲ, ಒಂದ್ ಹಿಡಿ ಅಕ್ಕಿ ಹಾಕಿದ್ರೆ ಕಣ್ಗೊತ್ಕೋತಿದ್ದೆ. ಅವಳನ್ನ ನಾನು ತಂಗಿ ಅಂದ್ಕೊಂಡಿದ್ದೆ. ನಿಮ್ಗೂ ನಮ್ಗೂ ಇಷ್ಟೇ ಅಂತ ಹೇಳ್ದಂಗಲ್ವಾ ಅದು? ಆ ಡಬರೀನ ಅವತ್ತು ಅಟ್ಟದ ಮೇಲೆ ಹಾಕಿದ್ದು, ಇವತ್ತಿನವರೆಗೂ ಇಳಿಸಿಲ್ಲ."

ಅವರು ಡಬರಿಯ ಮಾತೆತ್ತಿದ್ದೇ ನನಗೆ ಹಿಡಿಯಲು ಒಂದು ಕೊಂಬೆ ಸಿಕ್ಕಿತು. "ಅವತ್ತು ಅದರಲ್ಲಿ 'ಭ' ಸೊಟ್ಟಗೆ ಬಿದ್ದಿತ್ತು ಅಮ್ಮ. ನನ್ ಮನಸ್ಸಿಗೆ ಕೊರೀತಾನೇ ಇದೆ. ಕೊಡಿ, ತಿದ್ದಿ ತಂದ್ಕೊಡ್ತೀನಿ" ಎಂದೆ. ಅದಷ್ಟೂ ನಿಜವೇ. ಅವರು ಸ್ಟೂಲು ಹಾಕಿಸಿ ನನ್ನ ಕೈಯಲ್ಲೇ ಇಳಿಸಿಕೊಟ್ಟರು. "ನೀವೇ ತಂದ್ಕೊಡಿ, ಇನ್ಯಾರ್ ಕೈಲೂ ಕಳ್ಸ್ಬೇಡಿ. ಈಗಿನ ಕಾಲ್ದಲ್ಲಿ ಯಾರನ್ನೂ ನಂಬೋ ಹಾಗಿಲ್ಲ" ಎಂದರು. ನಾನು ತಲೆ ಬಗ್ಗಿಸಿಕೊಂಡು ಹೊರಟೆ.

ಮನೆಗೆ ಬಂದು ಹೆಂಡತಿ ಪದ್ದುವಿನ ಮುಂದೆ ಡಬರಿ ಇಟ್ಟು ಎಲ್ಲವನ್ನೂ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ ಕಡೆಯವರೆಗೂ ಕೇಳಿದಳು. ಎರಡು ಸಂಸಾರದ ಬಾಂಧವ್ಯ ಮುರಿದೆನೆಂದು ಉಗಿಯುತ್ತಾಳೆ ಎಂದು ಕಾದೆ.

"ಹನ್ನೊಂದೂ ನೀವೊಬ್ರೇ ತಿಂದ್ರಾ?"

"ಹೂಂ."

"ಮನೇಲಿ ಒಬ್ಳು ಇದಾಳೆ ಅನ್ನೋದು ನೆನಪಾಗ್ಲಿಲ್ವಾ? ಒಂದಾದ್ರೂ ತರ್ಬೇಕು ಅನ್ನಿಸ್ಲಿಲ್ವಾ?"

"ವಿಷ್ಯ ಅದಲ್ಲ ಕಣೇ..."

"ನನಗೆ ಅದೇ ವಿಷ್ಯ." ಸೊಪ್ಪಿನ ಮೊರವನ್ನು ಆಚೆ ತಳ್ಳಿ ಎದ್ದು ಹೋದಳು. ಅಡುಗೆಮನೆಯಲ್ಲಿ ಡಬ್ಬದ ಸದ್ದಾಯಿತು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ ಕೂಗಿ ಹೇಳಿದಳು: "ಅಕ್ಕಿ ನೆನೆ ಹಾಕಿದೀನಿ. ನಾಳೆ ಕುಟ್ಟಿ ಪಾಕಕ್ಕೆ ಹಾಕಿದ್ರೆ ಬುಧವಾರ ಸಾಯಂಕಾಲಕ್ಕೆ ಕರೀಬೋದು. ಹನ್ನೊಂದನ್ನ ಎಣಿಸಿ ಹಾಕ್ಕೊಡ್ತೀನಿ, ತಗೊಂಡ್ ಹೋಗಿ ಕಾಲಿಗ್ ಬೀಳಿ. ದಾರೀಲಿ ಕೈ ಹಾಕಿದ್ರೆ ಮನೆಗ್ ಬರ್ಬೇಡಿ."

ಬುಧವಾರ ಸಂಜೆ ನಾಲ್ಕೂವರೆಗೆ ಡಬರಿ ಹಿಡಿದು ಹೊರಟೆ. ಮೇಲೆ ಬಾಳೆಲೆ ಮುಚ್ಚಿ ಪದ್ದು ದಾರ ಕಟ್ಟಿದ್ದಳು, ನನ್ನ ಮೇಲೆ ಅಷ್ಟು ನಂಬಿಕೆ. 'ಭ' ತಿದ್ದಲು ಹೋಗಿರಲಿಲ್ಲ. ಸುಭದ್ರಮ್ಮ ಡಬರಿ ತೆಗೆದುಕೊಂಡು ಭಾರ ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನು?"

"ವನಜಾಕ್ಷಮ್ಮ ಕಳ್ಸಿದ್ದು."

"ಯಾವಾಗ?"

"ಒಂಬತ್ ವರ್ಷದ ಹಿಂದೆ," ಎಂದೆ. "ದಾರೀಲಿ ತಡವಾಯ್ತು."

ಒಂದು ಸಲ ಬಾಯಿ ಬಿಟ್ಟ ಮೇಲೆ ಮಿಕ್ಕಿದ್ದೆಲ್ಲ ತಾನೇ ಬಂತು. ಬಾವಿಕಟ್ಟೆ, ಎಣ್ಣೆ ಕೈ, ಸೊಟ್ಟ ಅಕ್ಷರ, ಖುಷಿಪಟ್ಟರು ಎಂದು ಹೇಳಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಅವರು ಡಬರಿಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಅಕ್ಷರದ ಮೇಲೆ ಬೆರಳಾಡಿಸುತ್ತ ಕೂತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಹೋದ್ ವರ್ಷ ಅವಳಿಗೆ ಹದಿನೈದ್ ದಿನ ಜ್ವರ," ಎಂದರು. "ಗೋಡೆ ಆಚೆ ಕೆಮ್ಮೋದು ಕೇಳ್ತಾ ಇತ್ತು. ಮೂವತ್ನಾಲ್ಕ್ ವರ್ಷ ನರ್ಸ್ ಕೆಲ್ಸ ಮಾಡಿದೋಳು ನಾನು. ಎದ್ದು ಹೋಗ್ಲಿಲ್ಲ ಆಚಾರ್ರೇ. ಒಂದ್ ಡಬರಿಗೋಸ್ಕರ." ಅವರ ಕಣ್ಣಲ್ಲಿ ನೀರಾಡಿತು. ನನಗೂ ತಡೆಯಲಾಗಲಿಲ್ಲ. ಕೈಮುಗಿದು, "ಎಲ್ಲಾ ನನ್ನಿಂದ್ಲೇ ಅಮ್ಮ" ಎಂದೆ.

"ನಿಮ್ಮಿಂದ್ಲೇ. ಆದ್ರೆ ನಂಗೂ ಬಾಯಿತ್ತಲ್ಲ, ಯಾಕ್ ಹಿಂಗ್ ಮಾಡ್ದೆ ಅಂತ ಅವಳನ್ನ ಒಂದ್ ಮಾತು ಕೇಳ್ಬೋದಿತ್ತಲ್ಲ." ಮೂಗೊರೆಸಿಕೊಂಡು ನನ್ನ ಕಡೆ ತಿರುಗಿದರು. "ಹೆಂಗಿತ್ತು?"

"ಏನು?"

"ಅವಳು ಮಾಡಿದ್ ಕಜ್ಜಾಯ."

"ಗಸಗಸೆ ಹಾಕಿದ್ರು. ಏಲಕ್ಕಿ ಒಂದ್ ಚೂರು ಮುಂದಾಗಿತ್ತು. ಬಾಯಲ್ಲಿಟ್ರೆ ಹಂಗೇ ಕರಗೋದು. ಅಂಥದ್ದನ್ನ ಆಮೇಲೆ ನಾನೆಲ್ಲೂ ತಿಂದಿಲ್ಲ."

ಅವರು ದಾರ ಬಿಚ್ಚಿ, ಒಂದು ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಂಡು, "ಇದು ಸ್ವಲ್ಪ ಗಟ್ಟಿಯಾಗಿದೆ" ಎಂದರು. ಇದನ್ನು ನಾನು ಪದ್ದುವಿಗೆ ಇವತ್ತಿನವರೆಗೂ ಹೇಳಿಲ್ಲ. ಡಬರಿಯನ್ನು ಸೊಂಟಕ್ಕೆ ಇಟ್ಟುಕೊಂಡು ಎದ್ದರು. ಕೊಡಿ, ನಾನು ಹಿಡಿದುಕೊಳ್ಳುತ್ತೇನೆ ಎಂದು ಕೈ ಚಾಚಿದೆ. "ನೀವ್ ದೂರ ನಿಂತ್ಕೊಳ್ಳಿ" ಎಂದರು.

ವನಜಾಕ್ಷಮ್ಮ ಬಾಗಿಲು ತೆಗೆದವರು ಹಾಗೆಯೇ ನಿಂತರು. ಸುಭದ್ರಮ್ಮ ಡಬರಿಯನ್ನು ಮುಂದೆ ಚಾಚಿ, "ವನಜ, ನೀನ್ ಕಳ್ಸಿದ್ ಕಜ್ಜಾಯ ಇವತ್ ಬಂತು ಕಣೇ" ಎಂದರು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು. ನಾನು ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಸುಲಭವೆಂದು ಯಾರಾದರೂ ಹೇಳಿದರೆ ನಂಬಬೇಡಿ.

"ಅವತ್ತು ಕೇಳಿದಾಗ ತುಂಬಾ ಖುಷಿಪಟ್ರು ಅಂದ್ರಲ್ಲ ಆಚಾರ್ರೇ?"

"ಖುಷಿಪಟ್ಟಿದ್ದು ನಾನು," ಎಂದೆ.

ವನಜಾಕ್ಷಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅಳು ಬಂತು. "ಗಂಡ ಇಲ್ದೋಳು ಮಾಡಿದ್ದು ಅಂತ ಎಸೆದ್ರೇನೋ ಅಂದ್ಕೊಂಡಿದ್ದೆ ಅಕ್ಕ" ಎಂದರು. "ಥೂ ಹುಚ್ಚಿ, ನಾನು ಹಂಗ್ ಮಾಡೋಳೇನೇ?" ಎಂದು ಸುಭದ್ರಮ್ಮ ಅವರ ತಲೆಗೊಂದು ಮೊಟಕಿ, ಒಳಗೆ ಹೋಗಿ, ಡಬರಿಯನ್ನು ಕಂಪ್ಯೂಟರಿನ ಪಕ್ಕದ ಟೈಪ್‌ರೈಟರಿನ ಮೇಲೆ ಇಟ್ಟರು. ಪರದೆಯ ಮೂಲೆಯಲ್ಲಿ ಮಂಕಾಗಿದ್ದ ಗೆರೆಗಳು ಒಂದು, ಎರಡು, ಮೂರು, ಎಂದು ಹೊತ್ತಿಕೊಂಡವು. ಆದರೆ ಅದನ್ನು ನೋಡಿದ್ದು ನಾನೊಬ್ಬನೇ. ಅವರಿಬ್ಬರೂ ಅಷ್ಟು ಹೊತ್ತಿಗೆ ಅಡುಗೆಮನೆಯಲ್ಲಿದ್ದರು.

ಗುರುವಾರ ಅಂಗಡಿಗೆ ಹೋಗಲು ಮನಸ್ಸಾಗಲಿಲ್ಲ. ಬುತ್ತಿ ಡಬ್ಬಿ ಹಿಡಿದುಕೊಂಡು ವನಜಾಕ್ಷಮ್ಮನ ಮನೆಯ ಜಗಲಿಯ ಮೇಲೆ ಹೋಗಿ ಕೂತೆ. ಡಬ್ಬಿಯ ಮೇಲಿನ ಬಟ್ಟಲಲ್ಲಿ ಪದ್ದು ಒಂದು ಕಜ್ಜಾಯ ಇಟ್ಟು, "ಇದೊಂದು ನಿಮ್ಗೆ, ನಿಜ ಹೇಳಿದ್ದಕ್ಕೆ" ಎಂದಿದ್ದಳು. ಮಧ್ಯಾಹ್ನಕ್ಕೆಂದು ಆಸೆಯಿಂದ ಇಟ್ಟುಕೊಂಡಿದ್ದೆ. ಪಕ್ಕದ ಮನೆಯಲ್ಲಿ ಸುಭದ್ರಮ್ಮ ಲೈನಿನ ಪೆಟ್ಟಿಗೆಯ ಮುಂದೆಯೇ ಕುರ್ಚಿ ಹಾಕಿಕೊಂಡು, ಯಾರೂ ವೈರು ಮುಟ್ಟದ ಹಾಗೆ ಕಾವಲು ಕೂತಿದ್ದರು. ಹತ್ತು ಹೊಡೆಯಿತು. ಒಳಗೆ ಟೈಪಿಂಗ್ ಶುರುವಾಯಿತು. ಆಹಾ, ಆ ಕೈ! ಒಂದೇ ಸಮನೆ ಹುರಿಗಡಲೆ ಸುರಿದ ಹಾಗೆ ಸದ್ದು. ಹತ್ತು ನಿಮಿಷ ಕಳೆಯಿತು, ಹದಿನೈದಾಯಿತು. ಇದ್ದಕ್ಕಿದ್ದ ಹಾಗೆ ಸದ್ದು ನಿಂತಿತು.

ಕಿಟಕಿಯಲ್ಲಿ ಇಣುಕಿದೆ. ಪರದೆಯ ಮೇಲೆ ಪರೀಕ್ಷೆ ಮಾಡುವ ಒಬ್ಬ ಗಂಡಸು ಒಬ್ಬ ಹೆಂಗಸು ಬಾಯಿ ತೆರೆದವರು ತೆರೆದ ಹಾಗೆಯೇ ನಿಂತುಹೋಗಿದ್ದರು. ನಡುವೆ ಒಂದು ಚಕ್ರ ಸುತ್ತುತ್ತಿತ್ತು. ವನಜಾಕ್ಷಮ್ಮ ಬೆರಳನ್ನು ಕೀಲಿಗಳ ಮೇಲಿಟ್ಟುಕೊಂಡು ಬೆವರುತ್ತಿದ್ದರು. ಪಕ್ಕದಲ್ಲಿ ಟೈಪ್‌ರೈಟರಿನ ಮೇಲೆ ಡಬರಿ ಫಳಫಳ ಹೊಳೆಯುತ್ತಿತ್ತು, ಬೋರಲಾಗಿ. ಬೆಳಿಗ್ಗೆ ಕಜ್ಜಾಯಕ್ಕೆ ಇರುವೆ ಹತ್ತಿತ್ತಂತೆ. ಇನ್ನೊಬ್ಬರ ಮನೆಯ ಪಾತ್ರೆಯೆಂದು ಕಜ್ಜಾಯ ಬೇರೆ ತಟ್ಟೆಗೆ ತೆಗೆದು, ಹುಣಸೆಹಣ್ಣು ಹಾಕಿ ಬೆಳಗಿ, ಒಣಗಲು ಬೋರಲು ಹಾಕಿದವರು ಪರೀಕ್ಷೆಯ ಗಾಬರಿಯಲ್ಲಿ ಮರೆತೇಬಿಟ್ಟಿದ್ದಾರೆ. ಅಷ್ಟು ಹೊತ್ತು ನೆಟ್ಟು ಹೇಗೆ ನಿಂತಿತ್ತೋ! ತಳದಲ್ಲಿ ಒಂದೆರಡು ಗಸಗಸೆ ಕಾಳು ಅಂಟಿಕೊಂಡಿದ್ದಿರಬೇಕು, ಒಣಗಿ ಉದುರಿದ್ದಿರಬೇಕು.

ಚಪ್ಪಲಿ ಸಹಿತ ಒಳಗೆ ನುಗ್ಗಿದೆ. ಡಬರಿ ಮೇಲ್ಮುಖ ಮಾಡಿದೆ. ಬುತ್ತಿ ಡಬ್ಬಿ ಬಿಚ್ಚಿ ಕೈಗೆ ಮೊದಲು ಸಿಕ್ಕಿದ್ದನ್ನು ಅದರೊಳಗೆ ಹಾಕಿದೆ. ಅದು ಪದ್ದು ಕೊಟ್ಟ ಕಜ್ಜಾಯ. ಠಣ್ ಎಂದು ಸದ್ದಾಯಿತು, ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಸುತ್ತುತ್ತಿದ್ದ ಚಕ್ರ ನಿಂತಿತು. ಪರದೆಯ ಮೇಲಿನ ಗಂಡಸು ತೆರೆದ ಬಾಯಿ ಮುಚ್ಚಿ, "ಹಾಂ, ಈಗ ಸರಿಯಾಯ್ತು. ಮುಂದುವರಿಸಿ ಮೇಡಂ" ಎಂದ. ನಾನು ಪರದೆಗೆ ಕಾಣದಂತೆ ಬಗ್ಗಿಕೊಂಡೇ ಆಚೆ ಬಂದೆ. ಹಿಂದೆ ಹುರಿಗಡಲೆ ಸುರಿಯುವ ಸದ್ದು ಮತ್ತೆ ಶುರುವಾಯಿತು.

ಸಂಜೆಯೊಳಗೆ ಉತ್ತರ ಬಂತು. ಕೆಲಸ ಸಿಕ್ಕಿತು. ಈಗ ಆ ಮನೆಯ ಮುಂದೆ ಯಾವಾಗ ಹೋದರೂ ಒಳಗಿಂದ ಟೈಪಿಂಗ್ ಸದ್ದು ಕೇಳುತ್ತದೆ. ಡಬರಿಯಲ್ಲಿ ಒಂದು ದಿನ ಚಕ್ಕುಲಿ, ಒಂದು ದಿನ ಹುರಿದ ಅವರೆಕಾಳು. ಖಾಲಿಯಾಗಲು ಸುಭದ್ರಮ್ಮ ಬಿಡುವುದಿಲ್ಲ, ತಿಂದು ಖಾಲಿ ಮಾಡುವವರೂ ಮುಕ್ಕಾಲು ಪಾಲು ಅವರೇ. ಅದನ್ನು ವಾಪಸು ಕೊಡುವ ಮಾತು ಆಡಕೂಡದೆಂದು ಅವರದೇ ಅಪ್ಪಣೆಯಾಗಿದೆ.

ಒಂದು ತಿಂಗಳು ಕಳೆದಿರಬೇಕು. ಬೆಳಿಗ್ಗೆ ವನಜಾಕ್ಷಮ್ಮ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಹೊಸ ಸ್ಟೀಲ್ ಡಬ್ಬಿ. ಅದರ ಮೇಲೆ ಒಂದು ವಸ್ತ್ರ ಹೊದಿಸಿ, ಮುಚ್ಚಳವನ್ನು ಮಾತ್ರ ನನ್ನ ಕೈಗೆ ಕೊಟ್ಟರು.

"ನನ್ ಹೆಸ್ರು ಹಾಕಿ. ಕೆಳಗಡೆ 'ಹನ್ನೊಂದು' ಅಂತ ಹಾಕಿ, ಎದ್ದು ಕಾಣೋ ಹಾಗೆ."

ಕಿವಿ ಬಿಸಿಯಾಯಿತು. ಉಳಿ ಎತ್ತಿಕೊಂಡು ಕೆತ್ತಿಕೊಟ್ಟೆ. ನನ್ನ ಜನ್ಮದಲ್ಲಿ ಅಷ್ಟು ನೀಟಾಗಿ ಯಾವ ಅಕ್ಷರವನ್ನೂ ಕೂರಿಸಿಲ್ಲ. ಅವರು ಮುಚ್ಚಳ ಹಾಕಿ, ಡಬ್ಬಿಯನ್ನು ನನ್ನ ಕೈಗಿತ್ತು, "ಸುಭದ್ರಕ್ಕನ ಮನೆಗೆ ಕೊಟ್ಬಿಡಿ" ಎಂದು ಹೊರಟೇಹೋದರು. ಗೋಡೆಯಾಚೆಯ ಮನೆಗೆ ಕೊಡುವುದಕ್ಕೆ ಮೂರು ಬೀದಿ ದಾಟಿ ನನ್ನ ಹತ್ತಿರ ತಂದಿದ್ದರು. ದಾರಿಯುದ್ದಕ್ಕೂ ಏಲಕ್ಕಿ ಪರಿಮಳ ಮೂಗಿಗೆ ಬಡಿಯುತ್ತಿತ್ತು. ಬಾವಿಕಟ್ಟೆ ಬಂದಾಗ ಆ ಕಡೆ ನೋಡದೆ ದಾಟಿದೆ.

ಸುಭದ್ರಮ್ಮ ಮುಚ್ಚಳ ಓದಿ, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ನನ್ನೆದುರಿಗೇ ಒಂದೊಂದಾಗಿ ತಟ್ಟೆಗೆ ತೆಗೆದಿಡುತ್ತ ಗಟ್ಟಿಯಾಗಿ ಎಣಿಸಿದರು. ಹತ್ತು ಎಂದರು, ಹನ್ನೊಂದು ಎಂದರು. ನಾನು ಉಸಿರು ಬಿಟ್ಟೆ. ಅವರು ಡಬ್ಬಿಯೊಳಗೆ ಇನ್ನೊಮ್ಮೆ ನೋಡಿ, "ಹನ್ನೆರಡು" ಎಂದರು.

"ನಾನ್ ಹಾಕಿದ್ದಲ್ಲ ಅಮ್ಮ," ಎಂದೆ ಗಾಬರಿಯಿಂದ.

ಅವರು ನಕ್ಕು ಆ ಹನ್ನೆರಡನೆಯ ಕಜ್ಜಾಯವನ್ನು ನನ್ನ ಅಂಗೈ ಮೇಲಿಟ್ಟರು. ಅದರ ಕೆಳಗೆ ಎಣ್ಣೆ ಹೀರಿಕೊಂಡ ಒಂದು ಚೀಟಿ ಇತ್ತು. ಹಳೆಯ ಟೈಪ್‌ರೈಟರಿನಲ್ಲಿ, ಒಂದು ಅಕ್ಷರವೂ ತಪ್ಪದೆ ಟೈಪ್ ಮಾಡಿದ್ದರು: 'ಇದು ಆಚಾರ್ರ ಕೂಲಿ.'

ಕಜ್ಜಾಯವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಅಂಗಡಿಯ ಕಡೆ ತಿರುಗದೆ ನೆಟ್ಟಗೆ ಮನೆಯ ದಾರಿ ಹಿಡಿದೆ. ದಾರಿಯಲ್ಲಿ ಎರಡು ಸಲ ಬಿಚ್ಚಿ ನೋಡಿದೆ, ಸುಳ್ಳು ಹೇಳುವುದಿಲ್ಲ. ಆದರೆ ನೋಡಿದ್ದು ಅಷ್ಟೆ. ಪದ್ದು ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಇಡೀ ಕಜ್ಜಾಯವನ್ನು ಹಾಗೆಯೇ ಅವಳ ಕೈಗಿಟ್ಟೆ.